ನಮೂನೆ ಮೂವತ್ತಾರು ಮತ್ತು ಬಳುವಳಿಯ ಕುರಿಗಳು

ತೆರಿಗೆ ಅಧಿಕಾರಿಯ ಆದೇಶದ ನಾಲ್ಕನೆಯ ಪುಟದಲ್ಲಿ ನನ್ನನ್ನು ಕುರಿತು ಒಂದು ವಾಕ್ಯವಿತ್ತು. ನಿವೃತ್ತ ಶಿಕ್ಷಕಿಯಾದ ಈ ಕರದಾತೆ ತಮ್ಮ ಆದಾಯವನ್ನು ಬಚ್ಚಿಟ್ಟಿದ್ದಾರೆ, ಹಣ ತಮ್ಮನದೆಂಬ ವಿವರಣೆ ಆಮೇಲೆ ಹೊಳೆದ ಉಪಾಯ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿದ್ದ ಆ ವಾಕ್ಯವನ್ನು ಕನ್ನಡಕ್ಕೆ ತಂದು ನೋಡಿದೆ, ನಮ್ಮ ಭಾಷೆಯಲ್ಲಿ ಸ್ವಲ್ಪ ಮೆದುವಾದೀತೇನೋ ಎಂಬ ಆಸೆಯಿಂದ. ಆಗಲಿಲ್ಲ. ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಸೀಮೆಸುಣ್ಣದ ಒಂದು ತುಂಡನ್ನೂ ಮನೆಗೆ ಒಯ್ಯದವಳು ನಾನು. ಶಹಾಪುರದ ನನ್ನ ಮನೆಯ ಪಡಸಾಲೆಯಲ್ಲಿ ಕೂತು ಆ ಪುಟವನ್ನು ಮತ್ತೆ ಮತ್ತೆ ಓದಿದೆ. ವಯಸ್ಸಾಗಿ ನನ್ನ ಕಣ್ಣು ಮಂಜಾಗಿದೆಯೆಂದು ನೆರೆಮನೆಯವಳು ಆಮೇಲೆ ಹೇಳಿಕೊಂಡು ತಿರುಗಿದಳು. ಅದೂ ನೆನಪಿದೆ.

ನಮ್ಮದು ಕೊಂಕಲ್ ಕಡೆಯ ಕುರಿ ಕಾಯುವ ಮನೆತನ. ಶಾಲೆ ಕಲಿತವಳು ನಾನೊಬ್ಬಳೇ. ತಮ್ಮನೋ ಕುರಿಹಿಂಡಿನ ಹಿಂದೆ ಹೋದ. ವರ್ಷದ ಬಹುಪಾಲು ಅವನಿಗೆ ಮನೆಯೆಂದರೆ ಕಂಬಳಿ ಹಾಸಿದ ಜಾಗ. ಟಗರು ಮಾರಿ ಬಂದ ಹಣವನ್ನು ಮನೆಯ ಹೆಣ್ಣುಮಗಳ ಕೈಯಲ್ಲಿಡುವುದು ನಮ್ಮ ಮನೆಯ ವಾಡಿಕೆ. ಹಾಗಿಟ್ಟದ್ದು ಬೆಳೆಯುತ್ತದೆಂಬ ನಂಬಿಕೆ. ತಮ್ಮ ವರ್ಷಕ್ಕೆ ಒಂದೆರಡು ಸಲ ಬಂದು, ನೀರು ಕುಡಿದು, ಗಂಟು ಬಿಗಿದ ಧೋತರದ ತುಂಡನ್ನು ನನ್ನ ಉಡಿಗೆ ಹಾಕಿ "ಇಟ್ಟಕೋ ಅಕ್ಕ" ಎನ್ನುವನು. ಅವನೆದುರು ಗಂಟು ಬಿಚ್ಚಬಾರದು. ಬಿಚ್ಚಿ ಎಣಿಸಿದರೆ ಅವನ ಮೇಲೆ ಗುಮಾನಿ ಪಟ್ಟಂತೆ. ಚೀಟಿ ಬರೆದುಕೊಡುವ ಮಾತಂತೂ ದೂರ. ಬೇಕಾದಾಗ ಬಂದು "ಕೊಡು" ಎನ್ನುವನು, ನಾನು ಕೊಡುವೆನು. ಎಲ್ಲವನ್ನೂ ಲೆಕ್ಕವಿಡುವ ನಾನು ಎಣಿಸದೆ ಟ್ರಂಕಿನಲ್ಲಿಟ್ಟದ್ದು ಆ ಗಂಟುಗಳನ್ನು ಮಾತ್ರ.

ನೋಟು ರದ್ದಾದ ವರ್ಷ ಟ್ರಂಕಿನ ಹಣವೆಲ್ಲ ಬರಿಯ ಕಾಗದವಾಗುವ ಗಳಿಗೆ ಬಂತು. ತಮ್ಮನಿಗೆ ಖಾತೆಯಿರಲಿಲ್ಲ, ಹಿಂಡು ಯಾವ ಸೀಮೆಯಲ್ಲಿತ್ತೋ ತಿಳಿದಿರಲಿಲ್ಲ. ಗಂಟುಗಳನ್ನೆಲ್ಲ ಬಿಚ್ಚಿ ನನ್ನ ಖಾತೆಗೇ ಕಟ್ಟಿದೆ. ಬ್ಯಾಂಕಿನ ಗಾಜಿನ ಹಿಂದೆ ಕೂತಿದ್ದ, ನೀಲಿ ಗೆರೆಯ ಅಂಗಿ ತೊಟ್ಟವನೊಬ್ಬ ಇಡೀ ಸಾಲಿಗೆ ಕೇಳುವಂತೆ, "ಅಜ್ಜಿ, ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ದಿ ಇದನ್ನೆಲ್ಲ?" ಎಂದ. ಏಕವಚನ. ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ತಾಯಂದಿರಿದ್ದರು. ಯಾರೂ ನಗಲಿಲ್ಲ, ಒಬ್ಬಳನ್ನು ಬಿಟ್ಟು. ಅವಳು ಯಾರೆಂದು ನನಗೆ ಗೊತ್ತಿದೆ. ಆ ಹಣ ಮುಂದೆ ತಮ್ಮನ ಮಗಳ ಮದುವೆಗೆ, ಹೊಸ ಮರಿಗಳಿಗೆ ಎಂದು ಅವನಿಗೇ ಮರಳಿತು. ನನಗೆ ಉಳಿದದ್ದು ನೋಟೀಸು.

ಹಣ ತಮ್ಮನದು ಎಂದು ಉತ್ತರ ಬರೆದೆ. ಅದಕ್ಕೆ ಬಂದದ್ದೇ ಆ ಆದೇಶ. ಮೊದಲ ಮೇಲ್ಮನವಿಯೂ ಬಿದ್ದುಹೋಯಿತು. ರಕ್ತಸಂಬಂಧಿಯ ಹೆಸರು ಹೇಳುವುದು ಸುಲಭ, ಇವರಿಬ್ಬರ ನಡುವೆ ಒಂದು ಚೀಟಿಯೂ ಇಲ್ಲ ಎಂದು ಮೇಲಿನವರು ಬರೆದರು. ಇನ್ನು ಉಳಿದದ್ದು ನ್ಯಾಯಮಂಡಳಿ. ಅದಕ್ಕೊಂದು ಗಡುವಿತ್ತು, ಅದು ಹತ್ತಿರ ಬಂದಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಬರೆಯಬೇಕು. ನನ್ನ ಮದುವೆಗೆ ಅಪ್ಪ ಬಳುವಳಿಯೆಂದು, ತವರಿನ ಕಾಣಿಕೆಯಾಗಿ, ಎರಡು ಹೆಣ್ಣುಮರಿಗಳನ್ನು ನನ್ನ ಹೆಸರಿಗೆ ಬಿಟ್ಟಿದ್ದ. ತಂಗಿಗೆ ಮಾತ್ರ ಬಂಗಾರದ ಬೋರಮಾಳ ಸರ. ನೌಕರಿಯವಳು ಪಟ್ಟಣದಲ್ಲಿ ಕುರಿ ಎಲ್ಲಿ ಕಟ್ಟುತ್ತಾಳೆಂದು ಮರಿಗಳು ಹಿಂಡಿನಲ್ಲೇ ಉಳಿದವು. ಆಮೇಲೆ ಅವುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಅಪ್ಪನೂ, ತಮ್ಮನೂ. ನಾನಾಗಿ ಕೇಳಲಿಲ್ಲ. ಕೇಳದವರು ಮರೆತಿದ್ದಾರೆಂದು ಯಾರೂ ತಿಳಿಯಬಾರದು.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲ್ಮಹಡಿಯಲ್ಲಿ ತೆರಿಗೆ ವಕೀಲನ ಕಚೇರಿ. ಸುರಪುರದಲ್ಲಿ ನನ್ನ ಬಳಿಯೇ ಗಣಿತ ಕಲಿತವನು. ಉತ್ತರ ಸರಿಯಾಗಿ ಬರೆಯುತ್ತಿದ್ದ, ಹಂತಗಳನ್ನು ಬರೆಯುತ್ತಿರಲಿಲ್ಲ. ಅದಕ್ಕೆ ಪ್ರತಿ ಪರೀಕ್ಷೆಯಲ್ಲೂ ಅಂಕ ಕಡಿದಿದ್ದೆ. ಅವನೂ ಅದನ್ನು ಮರೆತಿರಲಿಲ್ಲ.

"ಅಕ್ಕೋರ, ನನ್ನ ಮಾತ ಕೇಳಿದ್ರ ಕಟ್ಟಿ ಕೈ ತೊಳಕೊಳ್ರಿ. ಈ ವಯಸ್ಸಿನಾಗ ನ್ಯಾಯಮಂಡಳಿ ಯಾಕ ಬೇಕ್ರಿ ನಿಮಗ?"

"ಕಟ್ಟಿದ್ರ ಆ ವಾಕ್ಯ ಹೋಗ್ತದೇನು?"

"ವಾಕ್ಯ ಏನ್ ಮಾಡ್ತದ್ರಿ, ಕಚ್ತದೇನ್ರಿ?"

"ಕಚ್ಚ್ಯಾದ," ಎಂದೆ.

ಅವನು ಗಣಕಯಂತ್ರದಲ್ಲಿ ನಮೂನೆ ಮೂವತ್ತಾರನ್ನು ತೆರೆದ. ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸುವವರು ಯಾರಾದರೂ ಸರಿ, ಆ ನಮೂನೆಯಲ್ಲೇ ಸಲ್ಲಿಸಬೇಕು. ಯಾವ ಆದೇಶದ ವಿರುದ್ಧ, ಯಾವ ವರ್ಷದ್ದು, ತೆರಿಗೆ ಎಷ್ಟು ತಕರಾರಿನಲ್ಲಿದೆ, ಏನು ಪರಿಹಾರ ಕೇಳುತ್ತೀರಿ, ನೋಟೀಸು ಯಾವ ವಿಳಾಸಕ್ಕೆ ಬರಬೇಕು. ಪ್ರತಿಯೊಂದಕ್ಕೂ ಒಂದು ಚೌಕ. ಕೊನೆಯಲ್ಲಿ, ಮೇಲೆ ಬರೆದದ್ದೆಲ್ಲ ನಾನು ತಿಳಿದಮಟ್ಟಿಗೆ, ನಂಬಿದಮಟ್ಟಿಗೆ ಸತ್ಯ ಎಂಬ ಘೋಷಣೆ, ಅದರ ಕೆಳಗೆ ಸಹಿ. ಪ್ರತಿಗಳು ಮೂರು. ಸಹಿ ಮೂರಕ್ಕೂ ಕೈಯಿಂದಲೇ.

ನಾನು ಮನೆಯಿಂದಲೇ ಹನ್ನೊಂದು ಪುಟ ಬರೆದು ತಂದಿದ್ದೆ. ನಮ್ಮ ಮನೆತನ, ವಾಡಿಕೆ, ಟ್ರಂಕು, ನೀಲಿ ಗೆರೆಯ ಅಂಗಿ, ಎಲ್ಲವೂ ಅದರಲ್ಲಿತ್ತು. ಅವನು ಮೊದಲ ಪುಟ ಓದಿ, ಎರಡನೆಯದನ್ನು ತಿರುವಿ, ಒಟ್ಟುಗೂಡಿಸಿ ಮೇಜಿನ ಮೇಲಿಟ್ಟ. ನಿಯಮಾವಳಿ ತೆಗೆದು ಬೆರಳಿಟ್ಟು ತೋರಿಸಿದ. ಮೇಲ್ಮನವಿಯ ಆಧಾರಗಳನ್ನು ಸಂಕ್ಷಿಪ್ತವಾಗಿ, ಕ್ರಮಸಂಖ್ಯೆ ಹಾಕಿ ಬರೆಯಬೇಕು, ವಾದವಿರಬಾರದು, ಕಥನವಿರಬಾರದು.

"ಹಂತ ಬರಿಯೋದು ಬ್ಯಾಡಂತ್ರಿ ಅಕ್ಕೋರ," ಎಂದ. "ಬರೇ ಉತ್ತರ."

ಅವನ ತುಟಿಯಂಚಿನಲ್ಲಿ ನಗೆಯಿತ್ತು. ನಾನು ಅದನ್ನು ಗಮನಿಸಿದೆನೆಂದು ಅವನಿಗೂ ತಿಳಿಯಲಿ ಎಂದು ಕನ್ನಡಕ ತೆಗೆದು ಒರೆಸಿಕೊಂಡೆ. ಹನ್ನೊಂದು ಪುಟ ನಾಲ್ಕು ಸಾಲಾಯಿತು. ಹಣ ಮೇಲ್ಮನವಿದಾರಳದಲ್ಲ. ಅದು ಅವಳ ತಮ್ಮನದು. ಅವನನ್ನು ವಿಚಾರಿಸದೆಯೇ ಆದೇಶ ಮಾಡಲಾಗಿದೆ. ಆದೇಶದಲ್ಲಿ ಬಳಸಿದ ಮಾತನ್ನು ತೆಗೆದುಹಾಕಬೇಕು. ನಾಲ್ಕನೆಯದು ಬೇಡವೆಂದು ಅವನು ಎಷ್ಟೋ ಹೇಳಿದ. ಅದೇ ಮುಖ್ಯವೆಂದು ನಾನು ಕೂತೆ.

"ಆಗ್ಲಿ ಬಿಡ್ರಿ. ಆದ್ರ ಒಂದು ಕೊರತಿ ಅದ. ನಿಮ್ಮ ತಮ್ಮನ ಪ್ರಮಾಣಪತ್ರ ಬೇಕು. ಛಾಪಾ ಕಾಗದದ ಮ್ಯಾಲ, ನೋಟರಿ ಮುಂದ. ಅದಿಲ್ದ ಹೋದ್ರ ಈ ನಾಲ್ಕು ಸಾಲು ಗಾಳ್ಯಾಗ ಹೋಗ್ತಾವ."

"ಅವನ ಹೆಸರು ಬರೆದುಕೊಟ್ಟ ಮ್ಯಾಲ ಅವನಿಗೇನರ ನೋಟೀಸು ಬಂದ್ರ?"

"ವರ್ಷ ವರ್ಷಕ್ಕ ಹಂಚಿ ನೋಡಿದ್ರ ತೆರಿಗಿ ಮಿತಿಗೆ ಮುಟ್ಟಂಗಿಲ್ರಿ."

"ಖಾತ್ರಿ ಏನು?"

"ಖಾತ್ರಿ ಅಂದ್ರ..." ಎಂದು ಮೇಲೆ ತಿರುಗುತ್ತಿದ್ದ ಪಂಖೆಯನ್ನು ನೋಡಿದ.

ಭೀಮಾ ನದಿಯ ಸೇತುವೆ ದಾಟಿ ಶಹಾಪುರಕ್ಕೆ ಮರಳುವ ಬಸ್ಸಿನಲ್ಲಿ ವಕೀಲ ಬರೆಸಿಕೊಟ್ಟ ಛಾಪಾ ಕಾಗದದ ಲಕೋಟೆಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿಹಿಡಿದಿದ್ದೆ. ನನ್ನ ಮೇಲಿನ ಮಾತನ್ನು ಅಳಿಸಿಕೊಳ್ಳಲು ತಮ್ಮನ ಕೊರಳಿಗೆ ಹಗ್ಗ ಕಟ್ಟುತ್ತಿದ್ದೇನೆಯೇ ಎಂಬ ಶಂಕೆ ಎದ್ದಿತು. ಕಾಗದ, ಕಚೇರಿ ಎಂದರೇನೆಂದು ಅರಿಯದವನು. ನೋಟೀಸು ಬಂದರೂ ಅದು ಹಿಂಡಿನ ಹಿಂದೆ ಎಲ್ಲಿಗೆ ಹೋಗಿ ಮುಟ್ಟೀತು? ಮುಟ್ಟದೆ ಹೋದರೆ ಅವನೂ ಉತ್ತರ ಕೊಡದವನೆನಿಸಿಕೊಳ್ಳುವನು.

ತಮ್ಮನ ಫೋನು ಎಂದಿನಂತೆ ಬಂದ್ ಇತ್ತು. ದೋರನಹಳ್ಳಿಯ ಹೊಲದಲ್ಲಿ ಹಿಂಡು ಕೂತಿದೆಯೆಂದು ಯಾರೋ ಹೇಳಿದರು. ಅಲ್ಲಿಗೆ ಹೋದರೆ ಗೊಬ್ಬರದ ವಾಸನೆ ಮಾತ್ರ ಉಳಿದಿತ್ತು. ಹೊಲದ ಯಜಮಾನ, "ನಿನ್ನೆ ಎಬ್ಬಿಸಿಕೊಂಡ ಹೋದ್ನಲ್ರಿ, ದೇವಾಪುರದ ಕಡಿಗೆ," ಎಂದ. ಗಡುವಿಗೆ ಉಳಿದಿದ್ದ ದಿನಗಳನ್ನು ಬೆರಳು ಮಡಿಸಿ ಎಣಿಸಲು ಈಗ ಒಂದೇ ಕೈ ಸಾಕಾಗಿತ್ತು. ಮರುದಿನ ಶಹಾಪುರದ ಕೋರ್ಟಿನ ಎದುರು ಕೂರುವ ನೋಟರಿಯನ್ನು ಒಪ್ಪಿಸಿ, ಒಂದು ಟಂಟಂ ಆಟೋ ಗೊತ್ತುಮಾಡಿ, ಅವರನ್ನು ಮುದ್ರೆ, ಶಾಯಿ ಸಹಿತ ಕೂರಿಸಿಕೊಂಡು ದೇವಾಪುರದ ದಾರಿ ಹಿಡಿದೆ. ನೋಟರಿ ಭಾರಿ ಆಳು. ಹೊಸ ಬೂಟು ಹಾಕಿದ್ದರು. ದಾರಿಯುದ್ದಕ್ಕೂ, "ಕಕ್ಷಿದಾರರು ನಮ್ಮ ಬಲ್ಲಿ ಬರಬೇಕ್ರಿ, ನಾವ ಹೋಗೋದಲ್ಲ," ಎನ್ನುತ್ತಲೇ ಇದ್ದರು.

ಭತ್ತ ಕೊಯ್ದ ಗದ್ದೆಯಲ್ಲಿ ಹಿಂಡು ಕೂತಿತ್ತು. ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುವ ರೈತರು ತಮ್ಮನಿಗೆ ಕಾಳು ಕೊಡುತ್ತಾರೆ. ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದವನು ನನ್ನನ್ನು ಕಂಡು ಎದ್ದ. ಅವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಯಕ್ಕ, ಬಾ ಬಾ. ರೊಟ್ಟಿ ಅದ, ಖಾರದ ಹಿಂಡಿ ಅದ. ಈ ಸಾಹುಕಾರ್ ಯಾರು?"

"ನೋಟರಿ ಸಾಹೇಬ್ರು. ಒಂದು ಕಾಗದಕ್ಕ ನಿನ್ನ ಹೆಬ್ಬಟ್ಟು ಬೇಕಾಗ್ಯಾದ."

ಸಂಗತಿಯನ್ನು ಹೇಳಿದೆ. ಅವನು ಕೇಳುತ್ತ ಕೇಳುತ್ತ ಕೋಲನ್ನು ನೆಲಕ್ಕೆ ಊರಿ ನಿಂತ.

"ನೀ ನನ್ನ ಬಲ್ಲಿ ಛಾಪಾ ಕಾಗದ ತಂದಿ? ಅವ್ವನ ಹೊಟ್ಟ್ಯಾಗಿಂದ ಬರೋವಾಗ ನಾವು ಛಾಪಾ ಕಾಗದ ಬರಸಿಕೊಂಡ ಬಂದಿದ್ದಿಲ್ಲ ಅಕ್ಕ."

"ನಾ ಕೇಳಾಕತ್ತಿಲ್ಲೋ ತಮ್ಮಾ, ಅವರು ಕೇಳಾಕತ್ತಾರ. ನಿನ್ನ ಅಕ್ಕನ್ನ ಕಳ್ಳಿ ಅಂತ ಬರದಾರ."

"ಯಾರು?"

"ಯಾರಂತ ಗೊತ್ತಿಲ್ಲ. ಅವರ ಮುಖ ಯಾರೂ ನೋಡಂಗಿಲ್ಲ, ಎಲ್ಲ ಕಂಪ್ಯೂಟರಿನಾಗ."

"ಮುಖ ಇಲ್ದವ ನಮ್ಮಕ್ಕಗ ಕಳ್ಳಿ ಅಂತಾನ?" ಎಂದು ಕುರಿಗಳ ಕಡೆ ತಿರುಗಿ ಉಗುಳಿದ. ಕಾಗದದ ಕಡೆ ಕೋಲು ತೋರಿಸಿ, "ಓದು," ಎಂದ.

ಕನ್ನಡದಲ್ಲಿ ಬರೆಸಿದ್ದ ಪ್ರಮಾಣಪತ್ರವನ್ನು ತರಗತಿಯಲ್ಲಿ ಓದುವಂತೆ ನಿಧಾನವಾಗಿ ಓದಿದೆ. ಹಣ ನನ್ನ ಕುರಿಗಳನ್ನು ಮಾರಿ ಬಂದದ್ದು. ಇಡಲೆಂದು ಅಕ್ಕನ ಕೈಯಲ್ಲಿ ಕೊಟ್ಟದ್ದು. ಅದರಲ್ಲಿ ಅಕ್ಕನ ಪಾಲು ಏನೂ ಇರುವುದಿಲ್ಲ.

"ನಿಲ್ಲು. ಪಾಲು ಇಲ್ಲಂತ ಯಾರ ಹೇಳ್ಯಾರ?"

"ಇಲ್ಲಲ್ಲೋ."

"ಹೆಂಗ ಇಲ್ಲ? ನಿನ್ನ ಬಳುವಳಿ ಕುರಿ?"

ಅವನು ಹಿಂಡಿನೊಳಗೆ ಇಳಿದು, ಒಂದು ಕಪ್ಪು ಕುರಿಯನ್ನು ಕಾಲು ಹಿಡಿದೆಳೆದು ತಂದು ನನ್ನ ಮುಂದೆ ನಿಲ್ಲಿಸಿ ಅದರ ಬಲಗಿವಿ ಎತ್ತಿ ತೋರಿಸಿದ. ತುದಿಯಲ್ಲಿ ಸೀಳು. ನಮ್ಮ ಹಿಂಡಿನ ಕುರಿಗಳಿಗೆ ಗುರುತಿನ ಸೀಳು ಇರುವುದು ಎಡಗಿವಿಗೆ.

"ಬಲಗಿವಿ ಸೀಳಿದ್ದು ನಿನ್ನ ವಂಶ. ಅಪ್ಪ ಸಾಯೋಕಿಂತ ಮೊದಲ ಹೇಳಿ ಹೋಗ್ಯಾನ, ಅಕ್ಕನ ಕುರಿ ಬ್ಯಾರೆ, ಕಿವಿ ಬ್ಯಾರೆ ಅಂತ. ಅವು ಈದ ಗಂಡಮರಿ ಬಲಿತಾಗ ನನ್ನ ಟಗರಿನ ಕೂಡ ನಿನ್ನವೂ ಮಾರೀನಿ. ರೊಕ್ಕ ಅದೇ ಗಂಟಿನಾಗ ಅದ."

"ಎಷ್ಟು ರೊಕ್ಕ?"

"ಎಷ್ಟಂದ್ರ? ನಿನ್ನ ಉಡ್ಯಾಗ ಹಾಕೀನಲ್ಲ. ಎಣಿಸಿದ್ದಿಯೇನ ನೀ?"

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಕೇಳಿದ್ದಿಯೇನ? ಬಳುವಳಿ ಕುರಿ ಹೆಂಗವಂತ ಒಂದ ಸಲಾನೂ ಕೇಳಲಿಲ್ಲ. ಅಕ್ಕ ಸಾಲಿ ಕಲಿತಾಕಿ, ಕುರಿ ಮರ್ತಾಳ ಅಂದುಕೊಂಡೆ."

ನನ್ನ ನೆನಪಿನ ಅವಮಾನಗಳ ಸಾಲಿನಲ್ಲಿ ಅತ್ಯಂತ ಹಳೆಯದು ಆ ಎರಡು ಮರಿಗಳದಾಗಿತ್ತು. ಅದನ್ನು ಅಲ್ಲಿಂದ ತೆಗೆಯಬೇಕಾಗಿ ಬಂದದ್ದು ಆ ಗದ್ದೆಯಲ್ಲಿ. ಆದರೆ ಅದರ ಸಂತೋಷಕ್ಕೆ ನನಗೆ ಬಿಡುವಾಗಲಿಲ್ಲ. ಅಧಿಕಾರಿ ಬರೆದ ವಾಕ್ಯ ಕಣ್ಣ ಮುಂದೆ ಬಂದು ನಿಂತಿತು. ಹಣದಲ್ಲಿ ನನ್ನದೂ ಇತ್ತು. ಇಷ್ಟು ವರ್ಷ ಇಲ್ಲವೆಂದು ಬರೆದು ಬರೆದು ಸಹಿ ಹಾಕಿದ್ದೆ. ನಾನು ತಿಳಿದಮಟ್ಟಿಗೆ, ನಂಬಿದಮಟ್ಟಿಗೆ.

"ಯಜಮಾನ್ರ, ಬಿಸಲ ಏರಾಕತ್ತದ, ಹೆಬ್ಬಟ್ಟ ಒತ್ತರಿ," ಎಂದರು ನೋಟರಿ. ಅವರ ಹೊಸ ಬೂಟಿಗೆ ಕುರಿಹಿಕ್ಕೆ ಹತ್ತಿತ್ತು. ಕಡ್ಡಿಯಿಂದ ಕೆರೆಯುತ್ತಿದ್ದರು.

"ಒತ್ತಂಗಿಲ್ಲ," ಎಂದ ತಮ್ಮ. "ಪಾಲು ಇಲ್ಲಂತ ಬರದದ್ದು ತಗೀರಿ ಮೊದಲ. ಸುಳ್ಳ ಆಣಿ ಮಾಡಿದ್ರ ಹಿಂಡ ಉಳಿಯಂಗಿಲ್ಲ."

ಅವನನ್ನು ಒಪ್ಪಿಸಬಹುದಿತ್ತೇನೋ. ನಾನು ಯತ್ನಿಸಲಿಲ್ಲ. ಕೈಚೀಲದಿಂದ ಪೆನ್ನು ತೆಗೆದು ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅಂಚಿನಲ್ಲಿ ದುಂಡಗೆ ಬರೆದೆ: ಇದರಲ್ಲಿ ಅಕ್ಕನ ಬಳುವಳಿ ಕುರಿಗಳ ಸಂತಾನವನ್ನು ಮಾರಿದ ಹಣವೂ ಸೇರಿದೆ, ಅದು ಅಕ್ಕನದು, ಉಳಿದದ್ದು ನನ್ನದು. ಓದಿ ಹೇಳಿದೆ. "ಹಾಂ, ಇದು ಖರೇ," ಎಂದ. ತಿದ್ದಿದ ಜಾಗದಲ್ಲಿ ನೋಟರಿ ಮೊಹರು ಒತ್ತಿದರು. ತಮ್ಮನೂ ಹೆಬ್ಬೆರಳನ್ನು ಶಾಯಿಯಲ್ಲಿ ಅದ್ದಿ ಒತ್ತಿದ.

ಅಲ್ಲಿಗೇ ಮುಗಿಯಲಿಲ್ಲ. ಸೊಂಟದ ಚೀಲ ಬಿಚ್ಚಿ, ಮೈಲಾರಲಿಂಗನ ಭಂಡಾರವನ್ನು, ಎಂದರೆ ದೇವರ ಅರಿಶಿನಪುಡಿಯನ್ನು ಚಿಟಿಕೆ ತೆಗೆದು ಹಣೆಗೆ ಮುಟ್ಟಿಸಿ, ನಾವು ಹಾಂ ಹೂಂ ಎನ್ನುವುದರೊಳಗೆ ಅದೇ ಹೆಬ್ಬೆರಳಿನಿಂದ ಆ ಕಾಗದದ ಮೇಲೆ, ತನ್ನ ಕಪ್ಪು ಗುರುತಿನ ಪಕ್ಕದಲ್ಲಿ ಒತ್ತಿಬಿಟ್ಟ.

"ಏ ಏ ಯಜಮಾನ್ರ! ಸರಕಾರಿ ಕಾಗದರೀ ಅದು!"

"ಅದು ನಿಮ್ಮ ಆಣಿ, ಇದು ನನ್ನ ಆಣಿ," ಎಂದ ತಮ್ಮ. ನನ್ನ ಕಡೆ ತಿರುಗಿ, "ಇದ ಕಡೀದು. ಮತ್ತ ಕೇಳಬ್ಯಾಡ. ಆಣಿ ಎರಡ ಸಲ ಮಾಡಿದ್ರ ಮೊದಲಿಂದು ಸುಳ್ಳಾಗ್ತದ," ಎಂದ. ರೊಟ್ಟಿ ತಿನ್ನು ಎಂದು ಮತ್ತೆ ಕರೆಯಲಿಲ್ಲ. ಅಕ್ಕ ಕಾಗದ ತಂದಳೆಂಬ ನೋವು ಅವನ ಮುಖದಲ್ಲಿ ಹಾಗೆಯೇ ಇತ್ತು. ಮರೆಯದಿರುವುದು ನಮ್ಮ ಮನೆತನದ ಗುಣ.

ಗಡುವಿನ ಕೊನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಯಾದಗಿರಿಗೆ ಹೋದೆ. ವಕೀಲ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹೊಡೆದುಹಾಕಿದ ಸಾಲು, ಅಂಚಿನ ಬರಹ, ಹಳದಿ ಹೆಬ್ಬಟ್ಟು. ಕುರ್ಚಿಯಲ್ಲಿ ಕುಸಿದು ಕೂತ.

"ಏನ್ ಮಾಡಿಕೊಂಡ ಬಂದ್ರಿ ಅಕ್ಕೋರ ಇದು? ಈ ಸಾಲು ಅವರ ಕೈಯಾಗ ಕೊಡಲಿ ಕೊಟ್ಟಂಗ. 'ನೋಡ್ರಿ, ಆಕೀನ ಒಪ್ಪಿಕೊಂಡಾಳ' ಅಂತಾರ. ನಾಲ್ಕು ಕುರಿ ರೊಕ್ಕದ ಸಲುವಾಗಿ ಪೂರಾ ಕೇಸ್ ಹೋಗ್ತದ್ರಿ."

"ಖರೇ ಅದ ಅದು."

"ಖರೇ ಇರ್ಲಿ, ಯಾರ ಕೇಳ್ಯಾರ? ನಮೂನೆದಾಗ ಆ ಚೌಕ ಎಲ್ಯದ?" ಎಂದವನು ಧ್ವನಿ ತಗ್ಗಿಸಿದ. "ಒಂದ ಕೆಲಸ ಮಾಡೂನ್ರಿ. ಮೊದಲಿನ ಹಂಗ ಇನ್ನೊಂದು ಸ್ವಚ್ಛ ತೆಗೀತೀನಿ. ಹೆಬ್ಬಟ್ಟಿನ ಗುರ್ತು ಯಾರ ನೋಡ್ತಾರ್ರಿ ಬೆಂಗಳೂರಾಗ? ಕೆಳಗ ಹಮಾಲರು ಕುಂತಾರ, ಒಬ್ಬರನ್ನ ಕರೀತೀನಿ. ನೋಟರೀದು ನನಗ ಬಿಡ್ರಿ."

ಬ್ಯಾಂಕಿನವನ ಮಾತು, ಆದೇಶದ ಮಾತು ಒಂದು ತೂಕವಾದರೆ ಇದು ಇನ್ನೊಂದು ತೂಕ. ಹೊರಗಿನವರು ನನ್ನನ್ನು ತಿಳಿಯದೆ ಅಂದಿದ್ದರು. ಇವನು ನನ್ನೆದುರು ಬೆಂಚಿನ ಮೇಲೆ ಕೂತು ಕಲಿತವನು.

"ಬಚ್ಚಿಟ್ಟಿಲ್ಲ ಅಂತ ಹೇಳಾಕ ಬಚ್ಚಿಡಬೇಕೇನು?" ಎಂದೆ. "ನಿನಗ ನಾ ಅಂಕ ಕಡದಿದ್ದು ಸುಮ್ನ ಅಲ್ಲ."

ಅವನು ಆ ತಿದ್ದಿದ ಕಾಗದವನ್ನೇ ಕಡತಕ್ಕೆ ಸೇರಿಸಿದ. ಬೇರೆ ವಕೀಲನನ್ನು ಹುಡುಕಲು ಹೊತ್ತಿರಲಿಲ್ಲ. ಇದ್ದಿದ್ದರೆ ಆಗಲೇ ಮೆಟ್ಟಿಲಿಳಿಯುತ್ತಿದ್ದೆ. ನಾಲ್ಕು ಆಧಾರಗಳಲ್ಲಿ ಮೊದಲೆರಡನ್ನು ತಿದ್ದಿಸಿದೆ. ಐದನೆಯದನ್ನು ನಾನೇ ಹೇಳಿ ಬರೆಸಿದೆ: ಮೇಲ್ಮನವಿದಾರಳಿಗೆ ಅರಿವಿಲ್ಲದೆ ಸೇರಿದ್ದ ಅವಳ ಸ್ವಂತ ಪಾಲಿಗೆ ತೆರಿಗೆ ಕಟ್ಟಲು ಅವಳು ಸಿದ್ಧಳಿದ್ದಾಳೆ. ಅದರಲ್ಲಿ ವಾದವಿರಲಿಲ್ಲ, ಕಥನವಿರಲಿಲ್ಲ. ಪರಿಹಾರದ ಚೌಕವನ್ನೂ ಅದಕ್ಕೆ ತಕ್ಕಂತೆ ಬದಲಿಸಿದೆವು. ಘೋಷಣೆಯ ಕೆಳಗೆ ಮೂರು ಪ್ರತಿಗೂ ಸಹಿ ಹಾಕಿದೆ. ಮೊದಲ ಸಲ ಆ ಸಾಲುಗಳನ್ನು ಸಹಿಗೆ ಮುಂಚೆ ಎರಡು ಬಾರಿ ಓದಿದೆ.

ಆಮೇಲೆ ಕಂಪ್ಯೂಟರು ಹಟ ಹಿಡಿಯಿತು. ಸ್ಕ್ಯಾನ್ ಮಾಡಿದ ಪ್ರಮಾಣಪತ್ರ ಏರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ವಕೀಲ ಬೆವರುತ್ತ ಗುಂಡಿ ಒತ್ತುತ್ತಲೇ ಇದ್ದ. ಇತ್ತ ಗಡಿಯಾರ, ಅತ್ತ ಅಂಚೆ ಕಚೇರಿಯ ಬಾಗಿಲು. ಬೆಳಗಿನಿಂದ ನನ್ನ ಬಾಯಿಗೆ ನೀರು ಬಿದ್ದಿರಲಿಲ್ಲ. ಇನ್ನೇನು ತಡವಾಯಿತು, ತಡವಾದದ್ದಕ್ಕೆ ಕ್ಷಮೆ ಕೋರುವ ಇನ್ನೊಂದು ಅರ್ಜಿ, ಅದಕ್ಕೊಂದು ಪ್ರಮಾಣಪತ್ರ ಎಂದು ಲೆಕ್ಕ ಹಾಕುತ್ತಿರುವಾಗ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಸ್ವೀಕೃತಿಯ ಕಾಗದ ಹೊರಬಂತು. ಅಸಲು ಪ್ರತಿಗಳನ್ನು ನಾನೇ ಅಂಚೆಗೆ ಹಾಕಿ ರಸೀದಿ ಪಡೆದೆ.

ಕಾಯುವ ತಿಂಗಳುಗಳು ಶುರುವಾದವು. ಫೋನು ಸಪ್ಪಳ ಮಾಡಿದರೆ ಸಾಕು, ತಮ್ಮನಿಗೆ ನೋಟೀಸು ಬಂತೋ ಎಂದುಕೊಳ್ಳುತ್ತಿದ್ದೆ. ಆ ಅವಧಿಯಲ್ಲಿ ಅವನು ಒಮ್ಮೆಯೂ ನನ್ನ ಮನೆಗೆ ಬರಲಿಲ್ಲ. ಟಗರು ಮಾರುವ ಕಾಲ ಬಂದು ಹೋಯಿತು.

ವಿಚಾರಣೆ ನಡೆದದ್ದು ವಕೀಲನ ಕಚೇರಿಯ ಪರದೆಯ ಮೇಲೆ. ನ್ಯಾಯಮಂಡಳಿಯ ಇಬ್ಬರು ಸದಸ್ಯರು, ಇಲಾಖೆಯ ಪ್ರತಿನಿಧಿ ಒಬ್ಬರು. ವಕೀಲ ಹೇಳಿದಂತೆಯೇ ಆಯಿತು. ಪಾಲಿದೆಯೆಂದು ಮೇಲ್ಮನವಿದಾರಳೇ ಒಪ್ಪಿದ್ದಾಳೆ, ಇನ್ನೇನು ಉಳಿಯಿತು ಎಂದು ಪ್ರತಿನಿಧಿ ಮೊದಲ ಮಾತಿಗೇ ಅದನ್ನೇ ಹಿಡಿದರು. ಹಿರಿಯ ಸದಸ್ಯರು ಕಾಗದ ತಿರುವಿ ಇಂಗ್ಲಿಷಿನಲ್ಲಿ ಕೇಳಿದರು, "ಈ ಹಳದಿ ಏನು?"

ವಕೀಲ ತೊದಲಿದ. ನಾನು ಮುಂದೆ ಬಾಗಿ ಹೇಳಿದೆ, "ಅರಿಶಿನ ಸ್ವಾಮಿ. ಅವನ ಆಣೆ."

"ಅಂಚಿನಲ್ಲಿ ಬರೆದವರು?"

"ನಾನು. ಇಲ್ಲದಿದ್ದರೆ ಅವನು ಆಣೆ ಮಾಡುತ್ತಿರಲಿಲ್ಲ."

ಅವರು ಪ್ರತಿನಿಧಿಯನ್ನು ಒಂದೇ ಪ್ರಶ್ನೆ ಕೇಳಿದರು: ಈ ತಮ್ಮನನ್ನು ನಿಮ್ಮವರು ಯಾವಾಗಲಾದರೂ ಕರೆದು ಕೇಳಿದ್ದಾರೆಯೇ? ಇಲ್ಲವೆಂಬ ಉತ್ತರ ಬಂತು. ಮುಂದಿನ ಪ್ರಕರಣದ ಹೆಸರು ಕೂಗಿದರು.

ಆದೇಶ ಬಂದಾಗ ಮೊದಲು ನಾನು ಹುಡುಕಿದ್ದು ಆ ಮಾತನ್ನು. ಹಣದ ಹೆಚ್ಚಿನ ಭಾಗ ತಮ್ಮನದೆಂಬ ವಿವರಣೆಯನ್ನು ಒಪ್ಪಿದ್ದರು. ನನ್ನ ಪಾಲಿಗೆ ಒಂದು ಸಣ್ಣ ಅಂದಾಜು ಕಟ್ಟಿದ್ದರು. ಆ ಅಂದಾಜಿನ ಪಕ್ಕದಲ್ಲಿ, ಇಷ್ಟನ್ನು ಮೇಲ್ಮನವಿದಾರಳು ತನ್ನ ರಿಟರ್ನಿನಲ್ಲಿ ತೋರಿಸಿರಲಿಲ್ಲ ಎಂದಿತ್ತು. ಬಚ್ಚಿಟ್ಟಳು ಎಂಬುದು ಎಲ್ಲಿಯೂ ಇರಲಿಲ್ಲ. ಹಿಂದೆ ಹಾಗೆ ಬರೆದದ್ದಕ್ಕೆ ವಿಷಾದದ ಒಂದಕ್ಷರವೂ ಇರಲಿಲ್ಲ. ಅದನ್ನು ನನ್ನ ಅವಮಾನಗಳ ಸಾಲಿಗೆ ಸೇರಿಸಿಕೊಂಡೆ. ಆದರೆ ತೋರಿಸಿರಲಿಲ್ಲ ಎಂಬ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ತಪ್ಪು ಹುಡುಕಲಾಗಲಿಲ್ಲ. ನಾನು ತೋರಿಸಿರಲಿಲ್ಲ. ಆ ತೆರಿಗೆಯನ್ನು ಅಂದೇ ಕಟ್ಟಿದೆ.

ತಮ್ಮನಿಗೆ ಸುದ್ದಿ ಮುಟ್ಟಿಸಿದವರು ಯಾರೋ. ಒಂದು ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸಪ್ಪಳವಾಯಿತು. ಬಂದವನು ನೀರು ಕುಡಿದ.

"ಗೆದ್ದಿಯಂತ."

"ಗೆದ್ದೆ. ನಿನ್ನ ಭಂಡಾರ ನೋಡಿ ಏನಂತ ಕೇಳಿದ್ರು."

"ಕೇಳಲಿ. ಕೇಳಿದ್ರ ಗೊತ್ತಾಗ್ತದ," ಎಂದವನು ಸೊಂಟದಿಂದ ಗಂಟು ತೆಗೆದು, ಕೊಡದೆ ಕೈಯಲ್ಲೇ ಹಿಡಿದುಕೊಂಡ. "ಛಾಪಾ ಕಾಗದ ಅದ ಏನ ಮನ್ಯಾಗ? ಮೊದಲ ಅದ ತಾ, ಆಮ್ಯಾಲ ಇದ ಕೊಡ್ತೀನಿ."

"ಬಹಳ ಮಾತಾಡಬ್ಯಾಡ, ಇಡು," ಎಂದು ಉಡಿಯೊಡ್ಡಿದೆ. ಅವನು ನಕ್ಕು ಹಾಕಿದ. ಎಷ್ಟೋ ದಿನದ ಮೇಲೆ ಅವನು ನಕ್ಕದ್ದು ನೋಡಿದೆ. ಗಂಟಿನ ಭಾರ ಉಡಿಗೆ ತಾಗುತ್ತಲೇ ತೋರಿಸಿರಲಿಲ್ಲ ಎಂಬ ಆ ಮಾತು ನೆನಪಾಯಿತು.

"ತಮ್ಮಾ, ಇದರಾಗ ನನ್ನದು ಎಷ್ಟು? ಬಲಗಿವಿ ಸೀಳಿದವು ಈಗ ಹಿಂಡಿನಾಗ ಎಷ್ಟು ಅದಾವ?"

"ಕುರಿ ಎಣಿಸಬಾರದು ಅಕ್ಕ. ಎಣಿಸಿದ್ರ ತೋಳಕ್ಕ ಲೆಕ್ಕ ಕೊಟ್ಟಂಗ."

"ಈ ವರ್ಷದ ರಿಟರ್ನಿನಾಗ ನಾ ಏನ ಬರೀಲಿ?"

"ಕಿವಿ ಎಷ್ಟು ಸೀಳ್ಯಾವೋ ಅಷ್ಟು ಅಂತ ಬರಿ," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಗಂಟನ್ನು ಇನ್ನೂ ಬಿಚ್ಚಿಲ್ಲ. ವಕೀಲನನ್ನು ಕೇಳುವ ಮನಸ್ಸಿಲ್ಲ. ಹಿಂಡು ಈಗ ಕೊಂಕಲ್ ಕಡೆ ಇದೆಯಂತೆ. ರಿಟರ್ನಿನ ಗಡುವಿಗೆ ಮೊದಲು ಒಂದು ದಿನ ರೊಟ್ಟಿ ಕಟ್ಟಿಕೊಂಡು ಹೋಗಿ, ತಮ್ಮನ ಜೊತೆ ಬದುವಿನ ಮೇಲೆ ಕೂತು ಮಾತಾಡುತ್ತ, ಕುರಿಗಳ ಬಲಗಿವಿಗಳನ್ನು ನೋಡಿ ಬರಬೇಕು. ನಾನು ಎಣಿಸುತ್ತಿರುವುದು ಅವನಿಗೆ ತಿಳಿಯದಂತೆ.